ಗೋಡೆಯುಳ್ಳ ಕೋಶ, ಗೋಡೆಯಿಲ್ಲದ ಕೋಶ

ಯಡಿಯೂರು ಕೆರೆಯ ಸಮೀಪ, ಬಿಸಿಲಿಗೆ ಬಾಡಿದ ಕೊತ್ತಂಬರಿ ಸೊಪ್ಪಿಗೆ ಸೊಪ್ಪು ಮಾರುವಾಕೆ ನೀರು ಚಿಮುಕಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸ್ವಲ್ಪ ಹೊತ್ತಿನಲ್ಲಿ ಸೊಪ್ಪು ತಲೆಯೆತ್ತುತ್ತದೆ. ಕೇಳುಗರೆ, ಈ ಚೇತರಿಕೆಯ ಗುಟ್ಟಿರುವುದು ಸಸ್ಯದ ಜೀವಕೋಶದ ರಚನೆಯಲ್ಲಿ.

ಅದರ ನಡುವೆ ವಿಶಾಲವಾದ ರಸದಾನಿ. ತೆಳುಪೊರೆಯ ಹೊರಗೆ ಸೆಲ್ಯುಲೋಸಿನ ಗಟ್ಟಿ ಗೋಡೆ. ರಸದಾನಿ ನೀರು ಹೀರಿ ಉಬ್ಬುತ್ತದೆ, ಗೋಡೆ ತಡೆದು ನಿಲ್ಲಿಸುತ್ತದೆ. ಎಲುಬಿಲ್ಲದ ದಂಟು ನೆಟ್ಟಗೆ ನಿಲ್ಲುವುದು ಈ ಒತ್ತಡದ ಬಲದಿಂದ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತುಣುಕಿನಲ್ಲಿ ಕಂಡು 'ಸೆಲ್' ಎಂದು ಹೆಸರಿಟ್ಟುದು ಜೀವ ತೊರೆದ ಬರಿಯ ಗೋಡೆಗಳಿಗೆ!

ನಮ್ಮ ಮೈಯ ಕೋಶಗಳಿಗೆ ಪೊರೆಯಷ್ಟೇ ಉಂಟು, ಗೋಡೆಯಿಲ್ಲ. ಆದ್ದರಿಂದಲೇ ಅವುಗಳ ಆಕಾರದಲ್ಲಿ ಅಷ್ಟು ವೈವಿಧ್ಯ: ನರಕೋಶ ಎಳೆಯಾಗಿ ಚಾಚುತ್ತದೆ, ಬಿಳಿಯ ರಕ್ತಕಣ ತೆವಳಿ ಹೋಗಿ ರೋಗಾಣುವನ್ನು ನುಂಗುತ್ತದೆ. ಎಲೆಯಲ್ಲಿರುವಂಥ ಹಸಿರು ಕಣಗಳೂ ಇಲ್ಲವಾಗಿ, ಪ್ರಾಣಿಗೆ ಅನ್ನ ಅರಸುವ ಅಲೆದಾಟ ತಪ್ಪಿದ್ದಲ್ಲ.

ಗೋಡೆಯಿಲ್ಲದ ಮನೆಗೆ ಅಪಾಯವೂ ಹತ್ತಿರ. ಕೆಂಪು ರಕ್ತಕಣವನ್ನು ಶುದ್ಧ ನೀರಿನಲ್ಲಿ ಬಿಟ್ಟರೆ ಉಬ್ಬಿ ಒಡೆಯುತ್ತದೆ. ಆಸ್ಪತ್ರೆಯ ಸಲೈನಿನಲ್ಲಿ ನೂರು ಮಿಲಿಲೀಟರಿಗೆ 0.9 ಗ್ರಾಂ ಉಪ್ಪಿರುವುದು ಈ ಕಾರಣಕ್ಕೆ. ಉಪ್ಪು ಹೆಚ್ಚಾದರೆ ಕಣ ನೀರು ಕಳೆದುಕೊಂಡು ಸುಕ್ಕಾಗುತ್ತದೆ. ಅಲ್ಲಿ ಸಸ್ಯದ ಗೋಡೆಯೂ ನೀರನ್ನು ಕಾಯಲಾರದು. ಸೌತೆಕಾಯಿ ನೀರೊಡೆದೀತೆಂದು ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗಷ್ಟೇ ಬೆರೆಸುತ್ತಾರಲ್ಲವೆ?