ಫ್ಲೂ ಮಹಾಮಾರಿಯೂ ಪರಸ್ಥಳದ ನಮ್ಮ ಮನೆಗಳೂ

(ಸಾಸವಡದಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ದಿನಗಳಲ್ಲಿ ಜ್ವರದ ಮಾತು ಅಪಶಕುನವಾಗದೇ ಎಂದು ಕಾರ್ಯದರ್ಶಿಗಳು ನನ್ನನ್ನು ಮೊದಲೇ ಕೇಳಿದರು. ನಾಡುನುಡಿಗಳ ಮಹಿಮೆಯನ್ನು ಹೇಳಲು ನನಗಿಂತ ಸಮರ್ಥರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾನು ವೈದ್ಯನೂ ಅಲ್ಲ. ವಾಣಿಜ್ಯದಲ್ಲಿ ಪದವಿ ಪಡೆದು ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಜಮಾಖರ್ಚು ತಾಳೆ ನೋಡುವುದು ನನ್ನ ಕಸುಬು. ಆದುದರಿಂದ ಔಷಧದ ವಿಷಯವನ್ನು ಬಲ್ಲವರಿಗೆ ಬಿಟ್ಟು, ದೊಡ್ಡದೊಂದು ಫ್ಲೂ ಸಾಂಕ್ರಾಮಿಕ ಬಂದರೆ ಪರಸ್ಥಳದಲ್ಲಿರುವ ನಮ್ಮ ಮನೆಗಳ ಲೆಕ್ಕ ಹೇಗೆ ತಾಳೆಯಾದೀತು ಎಂಬುದನ್ನಷ್ಟೇ ತಮ್ಮ ಮುಂದಿಡುತ್ತೇನೆ.

ಫ್ಲೂ ಎಂದರೆ ನೆಗಡಿಯ ಅಣ್ಣ ಎಂದು ನಾವು ತಿಳಿದಿದ್ದೇವೆ. ಮೂರು ದಿನ ಮಲಗಿ, ಶುಂಠಿಯ ಕಷಾಯ ಕುಡಿದು, ನಾಲ್ಕನೆಯ ದಿನ ಕಚೇರಿಗೆ ಹೊರಡುವ ಜ್ವರ. ಸಾಧಾರಣ ವರ್ಷಗಳಲ್ಲಿ ಬಹುಮಂದಿಗೆ ಅದು ಅಷ್ಟೇ ನಿಜ. ಆದರೆ ಈ ಜ್ವರದ ವೈರಾಣು ಆಗಾಗ ವೇಷ ಬದಲಿಸುತ್ತದೆ. ಯಾರ ಮೈಗೂ ಪರಿಚಯವಿಲ್ಲದ ವೇಷ ತೊಟ್ಟಾಗ ಅದು ಜಗತ್ತನ್ನೇ ಸುತ್ತಿಬರುತ್ತದೆ. 1918, 1957, 1968, 2009 - ಹೀಗೆ ನೂರು ವರ್ಷಗಳೊಳಗೆ ನಾಲ್ಕು ಸಲ ಬಂದುಹೋಗಿದೆ. ಐದನೆಯದು ಯಾವಾಗ ಎಂದು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ.

1918ರದು ಎಲ್ಲಕ್ಕೂ ಘೋರವಾದುದು. ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಾಗ ಅದು ಅಷ್ಟೇನೂ ಉಗ್ರವಾಗಿರಲಿಲ್ಲ; ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮರಳಿ ಬಂದಾಗ ಊರಿಗೆ ಊರೇ ಹಾಸಿಗೆ ಹಿಡಿಯಿತು. ಮಹಾರಾಷ್ಟ್ರದ ಜನ ಅದಕ್ಕೆ ‘ಮಾನಮೋಡಿ’, ಎಂದರೆ ಕತ್ತು ಮುರಿಯುವ ಬೇನೆ, ಎಂದು ಹೆಸರಿಟ್ಟರು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳೂ ಪುಣೆಯೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳು. ನಮ್ಮ ಮುತ್ತಜ್ಜಂದಿರೂ ನೆರೆಯ ಮರಾಠಿ ಮನೆಯವರ ಮುತ್ತಜ್ಜಂದಿರೂ ಆ ದುಃಖದಲ್ಲಿ ಸಮಭಾಗಿಗಳು. ದೇಶದಲ್ಲಿ ತೀರಿಕೊಂಡವರ ಸಂಖ್ಯೆ ಕೋಟಿಯನ್ನು ಮೀರಿತು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆ ಬಂತು. ಅಂಥ ಇಳಿಕೆ ಅನಂತರದ ಯಾವ ಗಣತಿಯಲ್ಲಿಯೂ ಕಂಡಿಲ್ಲ. ಇದರಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಒಂದುಂಟು. ಆ ಜ್ವರ ಮುದುಕರನ್ನೂ ಕೂಸುಗಳನ್ನೂ ಮಾತ್ರ ಒಯ್ಯಲಿಲ್ಲ. ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ದುಡಿಯುವವರನ್ನೇ ಹೆಚ್ಚಾಗಿ ಹಿಡಿಯಿತು. ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಮಲಗಿದ ಮನೆಯಲ್ಲಿ ಒಲೆ ಹಚ್ಚುವವರು ಯಾರು? ತುಂಬಿದ ಮನೆಯಾದರೆ ಅತ್ತೆ ಇದ್ದಾಳು, ಓರಗಿತ್ತಿ ಇದ್ದಾಳು. ಬಾಡಿಗೆಯ ಎರಡು ಕೋಣೆಯಲ್ಲಿರುವ ನಮ್ಮಂಥವರ ಮನೆಯಲ್ಲಿ ಯಾರಿದ್ದಾರೆ?

2009ರ ನೆನಪು ಪುಣೆಯವರಿಗೆ ಇನ್ನೂ ಮಾಸಿಲ್ಲ. ಆಗ ಹಂದಿಜ್ವರವೆಂದು ಕರೆದ ಎಚ್1ಎನ್1 ಫ್ಲೂವಿಗೆ ದೇಶದಲ್ಲಿ ಮೊದಲು ಬಲಿಯಾದುದು ಪುಣೆಯ ಒಬ್ಬ ಶಾಲಾಬಾಲಕಿ, ಆಗಸ್ಟ್ 3ರಂದು. ಶಾಲೆಗಳೂ ಚಿತ್ರಮಂದಿರಗಳೂ ಕೆಲವು ದಿನ ಮುಚ್ಚಿದವು, ಮುಖಗವಸಿನ ಬೆಲೆ ಗಗನಕ್ಕೇರಿತು, ನಾಯ್ಡು ಆಸ್ಪತ್ರೆಯ ಮುಂದೆ ಪರೀಕ್ಷೆಗೆಂದು ಸಾಲುಗಟ್ಟಿದರು. ಸುಮ್ಮನೆ ನೆಗಡಿಯಾದವನೂ ಜ್ವರದವನೂ ಒಂದೇ ಸಾಲಿನಲ್ಲಿ ತಾಸುಗಟ್ಟಲೆ ನಿಂತರೆ, ಇಲ್ಲದ ರೋಗವನ್ನೂ ಮನೆಗೆ ತಂದಂತಾಗುತ್ತದೆ. ವೈರಾಣು ಸಂಶೋಧನೆಗೆ ಹೆಸರಾದ ರಾಷ್ಟ್ರೀಯ ಸಂಸ್ಥೆಯೇ ಪುಣೆಯಲ್ಲಿದೆ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಇಲ್ಲಿಂದಲೇ ವಿಜ್ಞಾನಿಗಳು ಹೋಗಿ ಆ ರೋಗದ ಮೂಲವನ್ನು ಪತ್ತೆಹಚ್ಚಿದರು. ಸಾಸವಡದಿಂದ ಪುಣೆಗೆ ಹೋಗುವ ದಾರಿಯ ಹಡಪಸರದಲ್ಲಿ ಜಗತ್ತಿಗೇ ಲಸಿಕೆ ಕಳುಹುವ ಕಾರ್ಖಾನೆಯಿದೆ. ಇಷ್ಟೆಲ್ಲ ಇದ್ದ ಊರಿನಲ್ಲಿಯೂ ಜನ ದಿಕ್ಕೆಟ್ಟರೆಂದರೆ, ಕೊರತೆಯಿದ್ದುದು ವಿಜ್ಞಾನದಲ್ಲಲ್ಲ, ಮನೆಮನೆಯ ಏರ್ಪಾಟಿನಲ್ಲಿ.

ಇನ್ನು 2020ರ ಮಾತು. ಕೋವಿಡ್ ಫ್ಲೂ ಅಲ್ಲ. ಆದರೆ ಅದು ನಮಗೆ ಕಲಿಸಿದ್ದು ಫ್ಲೂವಿಗೂ ಅನ್ವಯಿಸುತ್ತದೆ. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಕಟವಾದ ಬಂದ್ ನಡುರಾತ್ರಿಗೆ ಜಾರಿಗೆ ಬಂತು. ಊರಿಗೆ ಹೋಗಿಬಿಡೋಣ ಎಂಬುದೇ ಎಲ್ಲರ ಬಾಯಲ್ಲಿ. ಮೇ 18ರಂದು ಕರ್ನಾಟಕ ಸರ್ಕಾರ, ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯವರೆಗೆ ಒಳಗೆ ಬಿಡುವುದಿಲ್ಲವೆಂದು ಸಾರಿತು. ಸರ್ಕಾರಕ್ಕೆ ಅದರದೇ ಕಾರಣಗಳಿದ್ದವು, ನಾನು ದೂರುತ್ತಿಲ್ಲ. ಆದರೆ ರಾಜ್ಯೋತ್ಸವದ ಸಮಯದಲ್ಲಿ ಈ ಮಾತನ್ನು ಮುಚ್ಚಿಡುವುದು ತರವಲ್ಲ. ಮಹಾಮಾರಿ ಬಂದಾಗ ತವರಿನ ಬಾಗಿಲು ಮುಚ್ಚಿರುವುದು ಸಾಧ್ಯ. ಮುಂದಿನ ಸಲವೂ ಹಾಗೆಯೇ ಆದೀತೆಂದು ಎಣಿಸಿ, ನಮ್ಮ ಏರ್ಪಾಟನ್ನು ಕರ್ಹಾ ನದಿಯ ದಂಡೆಯಲ್ಲಿಯೇ ಮಾಡಿಕೊಳ್ಳಬೇಕು.

ಏರ್ಪಾಟು ಎಂದರೆ ಸಾಸವಡಕ್ಕೆ ಹೊಸತಲ್ಲ. ಆಷಾಢಿ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿ ದಿವೆ ಘಾಟವನ್ನೇರಿ ಬಂದು ಇಲ್ಲಿ ತಂಗಿದಾಗ ಲಕ್ಷಾಂತರ ವಾರಕರಿಗಳಿಗೆ ನೀರು, ಊಟ, ನೆರಳು ಒದಗಿಸುವ ಊರು ಇದು. ಅದೇ ಊರು 2020ರಲ್ಲಿ ಪಾದುಕೆಗಳು ಪಂಢರಪುರಕ್ಕೆ ಬಸ್ಸಿನಲ್ಲಿ ಹೋದುದನ್ನೂ ನೋಡಿತು. ಸೇರಿಸಲೂ ಬಲ್ಲ, ಚದುರಿಸಲೂ ಬಲ್ಲ ನೆರೆಹೊರೆ ನಮ್ಮದು. ಅವರ ಏರ್ಪಾಟಿನಿಂದ ಬೇರೆಯಾಗಿ ಕನ್ನಡದವರದೊಂದು ಕೋಟೆ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಅವರ ಕೈ ಎಟುಕದ ಕಡೆ ನಮ್ಮ ಕೈ ಇರಬೇಕು, ಅಷ್ಟೇ.

ಎಲ್ಲಿ ಎಟುಕುವುದಿಲ್ಲ? ಪುಣೆಯ ಸುತ್ತ ಕಟ್ಟಡದ ಕೆಲಸಕ್ಕೆ ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯಿಂದ ಬಂದ ಸಂಸಾರಗಳಿವೆ. ತಗಡಿನ ಶೆಡ್ಡುಗಳಲ್ಲಿ ಅವರ ವಾಸ. ಸಂಘದ ಚಂದಾ ಪುಸ್ತಕದಲ್ಲಿ ಅವರ ಹೆಸರು ಸಿಕ್ಕುವುದಿಲ್ಲ, ನಾಟಕ ಸಂಗೀತಗಳಿಗೆ ಅವರು ಬರುವುದಿಲ್ಲ. ಆದರೆ ಮರಾಠಿಯಲ್ಲಿ ಅಂಟಿಸಿದ ಆರೋಗ್ಯದ ಪ್ರಕಟಣೆ ಓದಲು ಬಾರದವರೆಂದರೆ ಅವರೇ. ದವಾಖಾನೆಯಲ್ಲಿ ‘ಕೂಸು ಮೊಲಿ ಕುಡೀವಲ್ದ್ರೀ’ ಎಂದು ತಾಯಿ ಅತ್ತರೆ ನರ್ಸಮ್ಮನಿಗೆ ಏನು ತಿಳಿಯಬೇಕು?

ಭಾಷೆಯ ಈ ಮಾತು ಅಲಂಕಾರಕ್ಕಲ್ಲ. 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ಅಧಿಕಾರಿ ರ‍್ಯಾಂಡನು ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದ. ಜನ ರೋಗಿಗಳನ್ನು ಬಚ್ಚಿಟ್ಟರು. ಸಿಟ್ಟು ಕೊನೆಗೆ ಅವನ ಕೊಲೆಯಲ್ಲಿ ಮುಗಿಯಿತು. ಅದೇ ವರ್ಷ, ಅದೇ ರೋಗದಲ್ಲಿ, ಸಾವಿತ್ರಿಬಾಯಿ ಫುಲೆಯವರು ಮುಂಢವೆಯಿಂದ ರೋಗಿ ಬಾಲಕನನ್ನು ಹೊತ್ತು ತಂದು, ಮಗ ಯಶವಂತರಾಯರ ಆಸ್ಪತ್ರೆಗೆ ಸೇರಿಸಿ, ತಾವೇ ಸೋಂಕು ತಗಲಿ ಮಾರ್ಚ್ 10ರಂದು ತೀರಿಕೊಂಡರು. ಫುಲೆಯವರ ಮನೆತನದ ಖಾನವಡಿ ನಮ್ಮ ಪುರಂದರ ತಾಲೂಕಿನದೇ. ಬಾಗಿಲು ತಟ್ಟಿದವರು ಯಾರೆಂಬುದರ ಮೇಲೆ ಬಾಗಿಲು ತೆರೆಯುವುದೋ ಬಿಡುವುದೋ ನಿಂತಿದೆ. ಅವ್ವಾ, ಅಣ್ಣಾ ಎಂದು ತಮ್ಮ ಮಾತಿನಲ್ಲಿ ಕರೆಯುವವರು ಬಂದರೆ ಶೆಡ್ಡಿನ ಬಾಗಿಲೂ ತೆರೆದೀತು.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಮೊದಲಿಗೆ ಒಂದು ವಹಿ. ಚಂದಾ ಪುಸ್ತಕ ಬೇರೆ, ಈ ವಹಿ ಬೇರೆ. ಕನ್ನಡ ಮಾತನಾಡುವ ಪ್ರತಿಯೊಂದು ಮನೆ, ಶೆಡ್ಡು ಅದರಲ್ಲಿರಬೇಕು. ಎಷ್ಟು ಜನ, ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ಅರವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗದವರು ಯಾರು ಎಂದಿರಬೇಕು. ಫ್ಲೂ ಇವರಿಗೆ ಹೆಚ್ಚು ಅಪಾಯಕಾರಿ. ವರ್ಷಕ್ಕೊಮ್ಮೆ ಕೊಡಿಸುವ ಫ್ಲೂ ಲಸಿಕೆಯ ವಿಚಾರವನ್ನು ಇವರು ಮಳೆಗಾಲಕ್ಕೆ ಮುಂಚೆಯೇ ವೈದ್ಯರಲ್ಲಿ ಕೇಳಬೇಕು. ಇದು ಇತರರ ಕಾಯಿಲೆಯ ಗುಟ್ಟು. ವಹಿ ಇಬ್ಬರ ಕೈಯಲ್ಲಿ ಮಾತ್ರ ಇರಲಿ. ಖಾತೆದಾರನ ಬಾಕಿಯನ್ನು ನಾವು ಬೀದಿಯಲ್ಲಿ ಹೇಳುವುದಿಲ್ಲವಷ್ಟೇ. ವಾಟ್ಸಾಪ್ ಗುಂಪು ಇದೆಯಲ್ಲ, ವಹಿ ಏತಕ್ಕೆ ಎಂದು ತರುಣರು ಕೇಳಿಯಾರು. ಗುಂಪಿನಲ್ಲಿ ಮಾತಾಡುವವರು ಗಟ್ಟಿಯಾಗಿರುವವರು. ಹಾಸಿಗೆ ಹಿಡಿದವನ ಫೋನು ಮೂರನೆಯ ದಿನ ತಣ್ಣಗಾಗಿರುತ್ತದೆ. ಅದಲ್ಲದೆ ಆ ಗುಂಪುಗಳಲ್ಲಿ ದಿನಕ್ಕೆ ಹತ್ತು ಹೊಸ ಔಷಧಗಳು ಹುಟ್ಟುತ್ತವೆ. ಬೆಳ್ಳುಳ್ಳಿಗೆ ಇಷ್ಟೊಂದು ಶಕ್ತಿಯಿದ್ದಿದ್ದರೆ ಆಸ್ಪತ್ರೆಗಳೇ ಬೇಕಾಗುತ್ತಿರಲಿಲ್ಲ.

ಎರಡನೆಯದಾಗಿ, ಪ್ರತಿ ಮನೆಗೂ ಒಂದು ಜೋಡಿಮನೆ. ನಡೆದು ಹೋಗುವಷ್ಟು ಹತ್ತಿರದ್ದಾಗಿರಲಿ. ಮರಾಠಿಯವರ ಮನೆಯಾದರೆ ಇನ್ನೂ ಒಳ್ಳೆಯದು. ಒಂದು ಮನೆಯಲ್ಲಿ ಜ್ವರ ಬಂದರೆ ಇನ್ನೊಂದು ಮನೆಯವರು ದಿನಕ್ಕೆರಡು ಸಲ ಹೊರಗಿನಿಂದಲೇ ವಿಚಾರಿಸಿ, ಗಂಜಿ, ಕಾಯಿಸಿ ಆರಿಸಿದ ನೀರು, ಬರೆದುಕೊಟ್ಟ ಔಷಧಗಳನ್ನು ಬಾಗಿಲಲ್ಲಿ ಇಟ್ಟುಹೋಗಬೇಕು. 1918ರಲ್ಲಿ ಬೆಂಗಳೂರಿನಲ್ಲಿ ಸ್ವಯಂಸೇವಕರು ಮನೆಮನೆಗೆ ಔಷಧವನ್ನೂ ಗಂಜಿಯನ್ನೂ ಮುಟ್ಟಿಸಿದರು. ಮುಂಬಯಿಯಲ್ಲಿಯೂ ಸಮಾಜಸೇವಾ ಸಂಘಗಳು ಇಂಥದೇ ಕೆಲಸ ಮಾಡಿದವು. ಆಗ ಈ ಜ್ವರಕ್ಕೆ ಲಸಿಕೆಯಿರಲಿಲ್ಲ, ತಕ್ಕ ಔಷಧವಿರಲಿಲ್ಲ. ಎದ್ದು ನೀರು ಕುಡಿಯಲಾರದವನಿಗೆ ನೀರು ಕೊಡುವವರಿದ್ದರೆ ಅದೇ ದೊಡ್ಡ ಚಿಕಿತ್ಸೆಯಾಗಿತ್ತು. ಇಂದು ಫ್ಲೂವಿಗೆ ಮಾತ್ರೆಗಳುಂಟು, ಆದರೆ ಅವು ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು ದಿನಗಳೊಳಗೆ, ವೈದ್ಯರು ಕೊಟ್ಟಾಗ. ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಂಪರು, ಇಳಿದ ಜ್ವರ ಮತ್ತೆ ಏರುವುದು - ಇವನ್ನು ಕಂಡರೆ ಜೋಡಿಮನೆಯವರು ಕಾಯದೆ 108ಕ್ಕೆ ಕರೆಮಾಡಬೇಕು. ಇಂಥ ಹತ್ತಿಪ್ಪತ್ತು ವಾಕ್ಯಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಅದರ ಮರಾಠಿಯನ್ನು ಕನ್ನಡ ಲಿಪಿಯಲ್ಲಿಯೂ ಮರಾಠಿಯ ಲಿಪಿಯಲ್ಲಿಯೂ ಹಾಕಿ ಶೆಡ್ಡುಗಳಲ್ಲಿ ಹಂಚೋಣ. ‘ದಮ್ಮು ಹತ್ತೈತಿ’ ಎನ್ನುವವನು ‘ಧಾಪ ಲಾಗತೆ’ ಎಂಬುದನ್ನು ಓದಿ ಹೇಳಬಲ್ಲ. ಓದಲು ಬಾರದವನು ಬೆರಳಿಟ್ಟು ತೋರಿಸಬಲ್ಲ. ಇದಕ್ಕೆ ನಮ್ಮಲ್ಲಿರುವ ಶಿಕ್ಷಕಿಯರ ಒಂದು ಭಾನುವಾರ ಸಾಕು.

ಮುಖಗವಸು, ಕೈತೊಳೆಯುವುದು, ಜ್ವರ ಬಿಟ್ಟ ಮೇಲೂ ಒಂದು ದಿನ ಮನೆಯಲ್ಲಿರುವುದು - ಇವೆಲ್ಲ ತಮಗೆ ತಿಳಿದದ್ದೇ.

ಹಣದ ಮಾತನ್ನು ಮಾತ್ರ ನನ್ನ ಕಸುಬಿನವನಾಗಿ ಸ್ವಲ್ಪ ವಿಸ್ತರಿಸುತ್ತೇನೆ. ಅನೇಕ ಮನೆಗಳಲ್ಲಿ ಖಾತೆ ಯಜಮಾನರೊಬ್ಬರ ಹೆಸರಿನಲ್ಲಿರುತ್ತದೆ. ಅವರು ಆಸ್ಪತ್ರೆ ಸೇರಿದ ದಿನ ಹೆಂಡತಿಯ ಕೈಯಲ್ಲಿ ಪಾಸ್‌ಬುಕ್ ಇರುತ್ತದೆ, ಹಣ ತೆಗೆಯುವ ಅಧಿಕಾರವಿರುವುದಿಲ್ಲ. ಕೌಂಟರಿನಲ್ಲಿ ಕೂತ ಗುಮಾಸ್ತನಿಗೆ ಕನಿಕರವಿದ್ದರೂ ನಿಯಮ ಮೀರಲಾಗದು. ಇಬ್ಬರ ಹೆಸರಿನಲ್ಲಿ, ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಕ್ರಮದಲ್ಲಿ, ಖಾತೆ ಮಾಡಿಸಿಕೊಳ್ಳಿ. ಒಂದು ಅರ್ಜಿಯ ಕೆಲಸ. ಸಂಘಕ್ಕೂ ಇದೇ ಮಾತು. ಈ ಸಂಚಿಕೆಯ ಜಾಹೀರಾತಿನಿಂದ ಬಂದುದರಲ್ಲಿ ಒಂದು ಪಾಲನ್ನು ಬೇರೆ ಖಾತೆಯಲ್ಲಿಟ್ಟು, ನಾಲ್ವರಲ್ಲಿ ಯಾವ ಇಬ್ಬರು ಸಹಿ ಮಾಡಿದರೂ ಹಣ ಸಿಕ್ಕುವಂತಿರಲಿ. ಅಧ್ಯಕ್ಷರೂ ಖಜಾಂಚಿಗಳೂ ಒಟ್ಟಿಗೆ ಜ್ವರದಲ್ಲಿ ಮಲಗಬಾರದೆಂಬ ನಿಯಮ ನಮ್ಮ ಘಟನೆಯಲ್ಲಿಲ್ಲ! ಹಂಚುವಾಗ ಗುಂಪು ಕೂಡದಂತೆ ಕ್ರಮವನ್ನೂ ಮೊದಲೇ ಗೊತ್ತುಮಾಡಬೇಕು. 2020ರ ಏಪ್ರಿಲಿನಲ್ಲಿ ಜನಧನ ಖಾತೆಯ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿ ಕೊಡುವಾಗ, ಖಾತೆಸಂಖ್ಯೆಯ ಕೊನೆಯ ಅಂಕಿಯ ಮೇಲೆ ದಿನ ಹಂಚಿದ್ದರು. ಅದು ಸಾದಾ ಉಪಾಯವೇ, ಆದರೆ ಸಾಲನ್ನು ಐದಾಗಿ ಒಡೆಯಿತು.

ಈ ಖರ್ಚಿಗೆ ಅಡ್ಡಬರುವ ಆಕ್ಷೇಪವೊಂದನ್ನು ನಾನು ಬಲ್ಲೆ. ಚಂದಾ ಕೊಡದವರಿಗಾಗಿ ಚಂದಾದಾರರ ಹಣವೇ ಎಂದು. ಜ್ವರಕ್ಕೆ ನಮ್ಮ ಸದಸ್ಯತ್ವದ ರಶೀದಿ ಓದಲು ಬಾರದು. ಶೆಡ್ಡಿನ ಹುಡುಗನೇ ನಮ್ಮ ಮನೆಗೆ ಇಟ್ಟಂಗಿ ಹೊರುತ್ತಾನೆ, ಅವನ ತಾಯಿಯೇ ನಮ್ಮ ಪಾತ್ರೆ ತೊಳೆಯುತ್ತಾಳೆ. ಇದು ಲೆಕ್ಕದ ಮಾತಾಯಿತು. ಲೆಕ್ಕ ಬಿಟ್ಟು ಹೇಳಿದರೂ, ಅವರು ಆಡುವ ಕನ್ನಡ ನಮ್ಮದಕ್ಕಿಂತ ಕಡಿಮೆಯದಲ್ಲ.

ವಹಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದೆ. ಊಟಕ್ಕೆ ಏಳುವ ಮೊದಲು ತಮ್ಮ ಮನೆಯ ವಿವರವನ್ನೂ, ತಮಗೆ ತಿಳಿದ ಒಂದು ಶೆಡ್ಡಿನ ಗುರುತನ್ನೂ, ತಾವು ಒಪ್ಪಿದ ಜೋಡಿಮನೆಯ ಹೆಸರನ್ನೂ ಬರೆದು ಹೋಗಬೇಕಾಗಿ ಪ್ರಾರ್ಥನೆ. ಶೆಡ್ಡುಗಳ ಕಡೆ ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇವೆ. ಕನಿಷ್ಠ ನಾಲ್ವರು ಹೆಣ್ಣುಮಕ್ಕಳು ಜೊತೆಗೆ ಬೇಕು.