ಅಮೆರಿಕೆಯಲ್ಲಿ ಮೂರನೆಯ ಪಕ್ಷಕ್ಕೆ ಎಡೆಯುಂಟೆ?

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕೆಯ ಚುನಾವಣೆಯ ಸುದ್ದಿ ನಮ್ಮ ವಾಚನಾಲಯದ ಮೇಜಿನ ಮೇಲೆ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಅಷ್ಟು ದೊಡ್ಡ ದೇಶದಲ್ಲಿ ಎರಡೇ ಪಕ್ಷಗಳೇಕೆ? ಡೆಮೊಕ್ರಾಟರೂ ಬೇಡ, ರಿಪಬ್ಲಿಕನ್ನರೂ ಬೇಡ ಎನ್ನುವ ಕೂಲಿಕಾರನೋ ಗುಮಾಸ್ತನೋ ಅಲ್ಲಿ ಏನು ಮಾಡಬೇಕು? ಕಾರ್ಯದರ್ಶಿಗಳು ಇದನ್ನೇ ಕುರಿತು ನಾಲ್ಕು ಮಾತು ಆಡಲು ಹೇಳಿದ್ದಾರೆ. ನಾನು ವಿದ್ವಾಂಸನಲ್ಲ, ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಆದ್ದರಿಂದ ಲೆಕ್ಕದಿಂದಲೇ ತೊಡಗುತ್ತೇನೆ.

ಎರಡೇ ಪಕ್ಷಗಳಿರಬೇಕೆಂದು ಅಲ್ಲಿನ ಸಂವಿಧಾನದಲ್ಲಿ ಬರೆದಿಲ್ಲ. ಕಟ್ಟು ಬಿದ್ದಿರುವುದು ಎಣಿಕೆಯ ಕ್ರಮದಲ್ಲಿ. ಅಧ್ಯಕ್ಷರನ್ನು ಆರಿಸುವವರು 538 ಮಂದಿ ನಿರ್ವಾಚಕರು. ಅವರಲ್ಲಿ 270 ಮಂದಿ ಒಲಿದವರಿಗೆ ಗೆಲುವು. ಮೇನ್, ನೆಬ್ರಾಸ್ಕ ಎರಡನ್ನು ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲಿ, ಒಂದೇ ಮತ ಹೆಚ್ಚು ಬಂದರೂ ಸರಿ, ಆ ರಾಜ್ಯದ ನಿರ್ವಾಚಕರೆಲ್ಲರೂ ಒಬ್ಬರಿಗೇ ಸಲ್ಲುತ್ತಾರೆ. 1992ರಲ್ಲಿ ರಾಸ್ ಪೆರೋ ಎಂಬ ಶ್ರೀಮಂತರು ಸ್ವತಂತ್ರರಾಗಿ ನಿಂತು ಸುಮಾರು 1 ಕೋಟಿ 97 ಲಕ್ಷ ಮತ ಪಡೆದರು. ಎಂದರೆ ನೂರಕ್ಕೆ 19ರಷ್ಟು. ದೊರೆತ ನಿರ್ವಾಚಕರೆಷ್ಟು? ಒಬ್ಬರೂ ಇಲ್ಲ! 1968ರಲ್ಲಿ ಜಾರ್ಜ್ ವಾಲೆಸ್ ಎಂಬವರು ನೂರಕ್ಕೆ 14ಕ್ಕಿಂತ ಕಡಿಮೆ ಮತ ಪಡೆದೂ 46 ನಿರ್ವಾಚಕರನ್ನು ಗಳಿಸಿದರು. ಕರಿಯರನ್ನು ಬೇರೆ ಇಡಬೇಕೆನ್ನುತ್ತಿದ್ದ ದಕ್ಷಿಣದ ಬಿಳಿಯರ ಮತಗಳು ಕೆಲವೇ ರಾಜ್ಯಗಳಲ್ಲಿ ರಾಶಿ ಬಿದ್ದದ್ದೇ ಅದಕ್ಕೆ ಕಾರಣ. ದೇಶದಲ್ಲೆಲ್ಲ ಹರಡಿದ ಮತಕ್ಕೆ ಅಲ್ಲಿ ಫಲವಿಲ್ಲ.

'ನಮ್ಮಲ್ಲಿಯೂ ಹೆಚ್ಚು ಮತ ಬಂದವನೇ ಗೆಲ್ಲುತ್ತಾನಲ್ಲ, ಆದರೂ ಪಕ್ಷಗಳಿಗೆ ಬರವಿಲ್ಲವಲ್ಲ!' ಎಂದು ನೀವು ಕೇಳಬಹುದು. ವ್ಯತ್ಯಾಸವಿರುವುದು ಇಲ್ಲಿ. ನಮ್ಮ ಪ್ರಧಾನಿ ಲೋಕಸಭೆಯ ಬಲದಿಂದ ನಿಲ್ಲುವವರು. 1996ರಲ್ಲಿ ಜನತಾ ದಳಕ್ಕೆ ಬಂದದ್ದು 46 ಸ್ಥಾನ. ಅದರಲ್ಲಿ 16 ನಮ್ಮ ಕರ್ನಾಟಕದವು. ಆದರೂ ಹಲವು ಪಕ್ಷಗಳು ಕೂಡಿ ಶ್ರೀ ದೇವೇಗೌಡರು ಪ್ರಧಾನಿಯಾದರು. ಸಣ್ಣ ಪಕ್ಷಕ್ಕೆ ಇಲ್ಲಿ ಚುನಾವಣೆಯಾದ ಮೇಲೂ ಚೌಕಾಸಿಗೆ ಅವಕಾಶವುಂಟು. ಅಮೆರಿಕೆಯ ಅಧ್ಯಕ್ಷಪದವಿ ಹಂಚಿಕೊಳ್ಳುವಂಥದಲ್ಲ. ಯಾರಿಗೂ 270 ಬಾರದಿದ್ದರೆ ಕೆಳಮನೆಯಲ್ಲಿ ರಾಜ್ಯಕ್ಕೊಂದು ಮತದಂತೆ ತೀರ್ಮಾನವಾಗುತ್ತದೆ. ಅಲ್ಲಿ ಕುಳಿತಿರುವವರಾದರೋ ಆ ಎರಡು ಪಕ್ಷಗಳವರೇ.

ಇದರಿಂದ ಮತದಾರನಿಗೆ ಭಯ ಹುಟ್ಟುತ್ತದೆ. 2000ದಲ್ಲಿ ಫ್ಲಾರಿಡಾ ರಾಜ್ಯವನ್ನು ಬುಷ್ ಗೆದ್ದದ್ದು ಕೇವಲ 537 ಮತಗಳಿಂದ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ 97 ಸಾವಿರಕ್ಕೂ ಮಿಕ್ಕಿ ಮತ ಬಿದ್ದಿದ್ದವು. ಅವೆಲ್ಲ ಡೆಮೊಕ್ರಾಟರಾದ ಗೋರ್ ಅವರಿಗೇ ಹೋಗುತ್ತಿದ್ದವೆಂದು ಹೇಳಲಾಗದು. ಆದರೆ 'ಮನಸ್ಸಿಗೆ ಬಂದವನಿಗೆ ಕೊಟ್ಟರೆ ಬೇಡವಾದವನು ಗೆದ್ದಾನು' ಎಂಬ ಅಂಜಿಕೆ ಅಂದಿನಿಂದ ಇನ್ನೂ ಬಲವಾಯಿತು.

ಹಾಗಾದರೆ ಮೂರನೆಯ ಪಕ್ಷಕ್ಕೆ ಕೊಟ್ಟ ಮತವೆಲ್ಲ ನೀರಿನಲ್ಲಿ ಹೋಮವೆ? ಅಲ್ಲ. 1892ರಲ್ಲಿ ಸಾಲದಲ್ಲಿ ಮುಳುಗಿದ್ದ ರೈತರು ಪೀಪಲ್ಸ್ ಪಕ್ಷವನ್ನು ಕಟ್ಟಿಕೊಂಡು ಚುನಾವಣೆಗೆ ನಿಂತರು. ಹೆಚ್ಚು ಆದಾಯದವರ ಮೇಲೆ ಹೆಚ್ಚು ತೆರಿಗೆ ಬೀಳಲಿ, ಸೆನೆಟ್ ಸಭೆಗೆ ಜನರೇ ನೇರವಾಗಿ ಆರಿಸಲಿ, ಕಾರ್ಮಿಕರ ದುಡಿತದ ಹೊತ್ತು ಇಳಿಯಲಿ ಎಂಬುವು ಅವರ ಬೇಡಿಕೆಗಳು. ಹತ್ತು ಲಕ್ಷಕ್ಕೂ ಹೆಚ್ಚು ಮತ ಬಂದವು, ಪದವಿ ಬರಲಿಲ್ಲ. 1896ರಲ್ಲಿ ಡೆಮೊಕ್ರಾಟರ ಅಭ್ಯರ್ಥಿ ಬ್ರಯನ್ ಅವರನ್ನೇ ತಮ್ಮವರೆಂದು ಒಪ್ಪಿಕೊಂಡರು, ಪಕ್ಷ ಕರಗಿತು. ಆದರೆ 1913ರಲ್ಲಿ ಆದಾಯ ತೆರಿಗೆಯ ಅಧಿಕಾರವೂ ಸೆನೆಟ್ಟಿನ ನೇರ ಚುನಾವಣೆಯೂ ಸಂವಿಧಾನದಲ್ಲಿ ಸೇರಿದವು. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು. ಬೆಳೆಯಂತೂ ಮನೆಗೆ ಬಂತು.

ಹೊಸ ಪಕ್ಷವೊಂದು ನಿಜವಾಗಿ ಗೆದ್ದ ಉದಾಹರಣೆಯೂ ಉಂಟು. ಇಂದಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದೇ 1854ರಲ್ಲಿ. ಗುಲಾಮಗಿರಿಯ ಪ್ರಶ್ನೆಗೆ ಉತ್ತರ ಹೇಳಲಾರದೆ ವಿಗ್ ಪಕ್ಷ ಒಡೆಯಿತು. ಆರೇ ವರ್ಷಗಳಲ್ಲಿ, 1860ರಲ್ಲಿ, ಲಿಂಕನ್ ಅಧ್ಯಕ್ಷರಾದರು. ಹಳೆಯ ಮನೆ ಬಿದ್ದ ನಿವೇಶನದಲ್ಲಿ ಹೊಸ ಮನೆ ಎದ್ದಿತು, ಮೂರನೆಯ ಮನೆಯಾಗಲಿಲ್ಲ. ಈಗಂತೂ ಅತೃಪ್ತರಿಗೆ ಪಕ್ಷ ಬಿಡುವ ಅಗತ್ಯವೇ ಕಡಿಮೆ. ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಒಳಗಿನಿಂದಲೇ ಪಕ್ಷವನ್ನು ಹಿಡಿಯಬಹುದು. 2016ರಲ್ಲಿ ಟ್ರಂಪ್ ಹಿಡಿದರು, ಸ್ಯಾಂಡರ್ಸ್ ಯತ್ನಿಸಿ ಸೋತರು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ: ಎಣಿಕೆಯ ಕ್ರಮ ಬದಲಾಗದೆ ಅಲ್ಲಿ ಮೂರನೆಯ ಪಕ್ಷ ಬಾಳಲಾರದು. ಆ ಬದಲಾವಣೆ ಅಲ್ಲಲ್ಲಿ ಮೊದಲಾಗಿದೆ. ಮೇನ್ ರಾಜ್ಯದ ಮತದಾರರು 2016ರಲ್ಲಿ, ಅಲಾಸ್ಕದವರು 2020ರಲ್ಲಿ, ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸುವ ಪದ್ಧತಿಯನ್ನು ಒಪ್ಪಿದರು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತಗಳನ್ನು ಮತದಾರನ ಎರಡನೆಯ ಆಯ್ಕೆಗೆ ಸೇರಿಸುತ್ತಾರೆ. ಮತ ಹಾಳಾಗುವ ಅಂಜಿಕೆ ತಪ್ಪುತ್ತದೆ. ಆದರೆ 2024ರಲ್ಲಿ ಕೊಲೊರಾಡೊ, ಐಡಾಹೊ, ನೆವಾಡ, ಓರೆಗಾನ್ ರಾಜ್ಯಗಳ ಮತದಾರರು ಇಂಥ ಯೋಜನೆಯನ್ನು ತಳ್ಳಿಹಾಕಿದರು. ಅಲಾಸ್ಕದಲ್ಲಿ ಅದೇ ವರ್ಷ ಅದು ಕೂದಲೆಳೆಯಲ್ಲಿ ಉಳಿಯಿತು.

ಬಂಧುಗಳೆ, ಪಕ್ಷದ ಹೆಸರು, ನಾಯಕನ ಮುಖ ಇವನ್ನು ನೋಡಿ ನಾವು ಚುನಾವಣೆಯ ಮಾತಾಡುತ್ತೇವೆ. ಮತ ಹೇಗೆ ಎಣಿಸುತ್ತಾರೆಂಬುದನ್ನು ಕೇಳುವವರು ಕಡಿಮೆ. ಕೂಲಿ ಎಷ್ಟೆಂದು ಕೇಳಿ, ಕಡಿತದ ಲೆಕ್ಕ ಕೇಳದವನು ಸಂಬಳದ ದಿನ ಬೆರಗಾಗುತ್ತಾನೆ. ಮತದಾರನಿಗೂ ಇದೇ ಮಾತು ಸಲ್ಲುತ್ತದೆ.