ಚಪಡನ ಹೆಸರು ಉಳಿಯಿತು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ತಾಯಿತಂದೆಯರ ಮಾತು ಕೇಳಿ, ಗುರುವನ್ನು ಗೌರವಿಸಿ ಎಂದು ಇಸಿಲ ಪಟ್ಟಣದ ಮಹಾಮಾತ್ರರ ಮೂಲಕ ಜನಕ್ಕೆ ಹೇಳಿಸಿದ ಮಾತು ಅದರಲ್ಲಿದೆ. ಕೊನೆಯಲ್ಲಿ ಬರೆದವನು ತನ್ನ ಹೆಸರನ್ನೂ ಸೇರಿಸಿದ್ದಾನೆ: ಚಪಡ. ತನ್ನ ಕಸುಬನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮುರು!

ಅದೇ ಬೆಟ್ಟದ ಬುಡದಲ್ಲಿ ಬೃಹತ್ ಶಿಲಾಯುಗದ ನೂರಾರು ಸಮಾಧಿಗಳಿವೆ. ಒಂದರ ಮೇಲೂ ಹೆಸರಿಲ್ಲ.

ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಮೊದಲು ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ನಾಲ್ಕೂ ಕಡೆ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಸುತ್ತ ಗುಂಡುಗಲ್ಲು ಜೋಡಿಸಿದ ಕಲ್ಮನೆಗಳು. ಒಂದು ಚಪ್ಪಡಿಗೆ ದುಂಡನೆಯ ಕಿಂಡಿ. ಒಳಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಹತಾರ, ಬೇರೆಡೆಯಿಂದ ಆಯ್ದು ತಂದಿಟ್ಟ ಮೂಳೆಗಳು. ಯಾವ ಕಲ್ಮನೆ ಯಾರದೆಂದು ಕಟ್ಟಿದವರಿಗೆ ಗೊತ್ತಿದ್ದೇ ಇರಬೇಕು. ಗುರುತು ಬಾಯಲ್ಲಿತ್ತು, ಕಲ್ಲಿನಲ್ಲಿರಲಿಲ್ಲ.

ಚಳ್ಳಕೆರೆ ಸೀಮೆಯ ಹಳ್ಳಿಗಳಲ್ಲಿ ರೂಢಿ ಈಗಲೂ ಬಹುಮಟ್ಟಿಗೆ ಅದೇ. ಹೊಲದ ಮೂಲೆಯ ಗುಡ್ಡೆಯಡಿ ಯಾರಿದ್ದಾರೆಂದು ಎಡೆ ಇಡುವ ಹಿರಿಯರಿಗಷ್ಟೇ ಗೊತ್ತು. ಹೊಲ ಮಾರಿದರೆ ಆ ಗುರುತೂ ಹೋಯಿತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಸಮಾಧಿಗೆ ಫಾಲ್ಗುಣದ ಜಾತ್ರೆಯಲ್ಲಿ ಜನಸಾಗರವೇ ಸೇರುತ್ತದೆ. ಅವರಿಗೆ ಬುತ್ತಿ ಕಟ್ಟಿಕೊಟ್ಟ ರೈತರ ಗುಡ್ಡೆ ಯಾವ ದಿಬ್ಬದಲ್ಲಿದೆಯೋ.

ಕಲ್ಲಿನಲ್ಲೇ ಹೆಸರು ಬೇಕೆನ್ನುವವರಿಗೆ ವೀರಗಲ್ಲುಗಳಿವೆ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಚಳ್ಳಕೆರೆ, ಮೊಳಕಾಲ್ಮುರು ಶಾಸನಗಳು ಅದರಲ್ಲಿ ತಾಲ್ಲೂಕುವಾರು ಸಿಗುತ್ತವೆ. ಆದರೆ ವೀರಗಲ್ಲು ನಿಲ್ಲುತ್ತಿದ್ದುದು ಹೋರಾಡಿ ಸತ್ತವನಿಗೆ. ಜ್ವರದಲ್ಲಿ ಸತ್ತ ಅಜ್ಜಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಅಂಥವರ ಹೆಸರು ಕಾದದ್ದು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಮನೆಯ ಮುಂದೆ ನಿಂತು, ಕುಲದ ಮೂಲ ಊರು, ವಲಸೆ, ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ ದವಸ ಪಡೆಯುತ್ತಿದ್ದರು. ಆ ಸಾಲಿನಲ್ಲಿ ಗಂಡಸರದೇ ಕಾರುಬಾರು ಎಂಬುದನ್ನೂ ಹೇಳಬೇಕು. ಕರ್ನಾಟಕದ ಹಲವು ಮನೆತನಗಳ ವಂಶಾವಳಿ ಇವರ ಬಾಯಲ್ಲಿ, ಹೊತ್ತಗೆಗಳಲ್ಲಿ ಉಳಿದಿದೆ.

ಹತ್ತಿರದ ತಲೆಮಾರುಗಳಿಗೆ ಸರ್ಕಾರಿ ದಾರಿಯೂ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಶುಲ್ಕ ಕಟ್ಟಿ ನೋಂದಣಿ ಪುಸ್ತಕದಲ್ಲಿ ಹುಡುಕಿಸಿ ಪ್ರಮಾಣಪತ್ರ ಪಡೆಯಬಹುದು. ಸಾವಿನ ಕಾರಣವನ್ನು ಮಾತ್ರ ಆ ಪತ್ರದಲ್ಲಿ ತೋರಿಸುವುದಿಲ್ಲ. ಹೆಸರಿನ ಜೊತೆಗೆ ಸತ್ತ ಇಸವಿಯನ್ನೂ ಊರ ಹಿರಿಯರಲ್ಲಿ ಕೇಳಿಕೊಂಡು ಹೋದರೆ ಪುಟ ತಿರುವುವ ಕೆಲಸ ಅಷ್ಟು ಸಲೀಸು.